ನಿದ್ದೆಗೆ ರಾಗಿಸರಿ ಸರಿಯೆ?

ಹಿಂದಿನ ವಾರದ ಈ ಅಂಕಣದಲ್ಲಿ ಒಂದೇ ವಾಕ್ಯವು ಎರಡು ಬಾರಿ ಅಚ್ಚಾಗಿದ್ದುದನ್ನು ಗಮನಿಸಿ ಮೂವರು ವಾಚಕರು ಸಂಪಾದಕರಿಗೆ ಪತ್ರ ಬರೆದಿದ್ದಾರೆ. ಪುನರುಕ್ತಿಯು ಕಾವ್ಯದೋಷವೆಂದು ತರಗತಿಯಲ್ಲಿ ಬೋಧಿಸುವವರೇ ಹೀಗೆ ಮಾಡಬಹುದೆ ಎಂದು ಅವರಲ್ಲೊಬ್ಬರು ಕೇಳಿದ್ದಾರೆ. ತಪ್ಪು ಅಚ್ಚುಕೂಟದ್ದಲ್ಲ, ನನ್ನದೇ. ಆ ವಾಕ್ಯವನ್ನು ಮೊದಲ ಸಲ ಬರೆದದ್ದು ರಾತ್ರಿ ಹನ್ನೊಂದಕ್ಕೆ, ಎರಡನೆಯ ಸಲ ಬರೆದದ್ದು ಒಂದೂವರೆಗೆ. ನಡುವೆ ಎಂಟು ತಿಂಗಳ ಕೂಸನ್ನು ಹೆಗಲಿಗೆ ಹಾಕಿಕೊಂಡು ನಡುಮನೆಯಲ್ಲಿ ಪ್ರದಕ್ಷಿಣೆ ಬಂದಿದ್ದೆ. ಬಂದು ಕುಳಿತಾಗ, ಬರೆದದ್ದೆಷ್ಟು, ಬರೆಯಬೇಕೆಂದಿದ್ದುದೆಷ್ಟು ಎಂಬ ವಿವೇಕ ಉಳಿದಿರಲಿಲ್ಲ. ಕ್ಷಮೆ ಕೋರಿ ಸುಮ್ಮನಾಗಬಹುದಿತ್ತು. ಆದರೆ ಪತ್ರ ಬರೆದ ಮೂವರಲ್ಲಿ ಒಬ್ಬ ಮಹಿಳೆ, 'ನಿಮ್ಮ ಮನೆಯಲ್ಲೇನಾದರೂ ಹಸುಗೂಸು ಇದೆಯೆ?' ಎಂದು ಸರಿಯಾಗಿಯೇ ಊಹಿಸಿ, 'ನಮ್ಮ ಮಗುವಿಗೆ ನಾಲ್ಕು ತಿಂಗಳು, ರಾತ್ರಿ ನಿದ್ದೆಯಿಲ್ಲ, ಸರಿ ಹಾಕಬಹುದೆ?' ಎಂದೂ ಸೇರಿಸಿದ್ದಾರೆ. ಈ ವಾರದ ಬರಹ ಅವರಿಗೆ ಉತ್ತರ. ನಾನು ವೈದ್ಯನಲ್ಲ, ಕನ್ನಡ ಎಂ.ಎ. ಆದರೆ ಆ ಪ್ರಶ್ನೆಯನ್ನು ನಾನೂ ಕೇಳಿದ್ದೆ. ಕೇಳಿದ ರೀತಿ ಮಾತ್ರ ಒಳ್ಳೆಯದಾಗಿರಲಿಲ್ಲ.

ಕನ್ನಡದಲ್ಲಿ ಜೋಗುಳಗಳಿಗೆ ಬರವಿಲ್ಲ. ಹಳ್ಳಿಯ ಹೆಣ್ಣುಮಕ್ಕಳ ತ್ರಿಪದಿಗಳಲ್ಲಿವೆ, ದಾಸರ ಪದಗಳಲ್ಲಿವೆ. ವಾತ್ಸಲ್ಯಕ್ಕೆ ಉದಾಹರಣೆಯೆಂದು ಅವನ್ನು ಹತ್ತು ವರ್ಷಗಳಿಂದ ವಿದ್ಯಾರ್ಥಿಗಳಿಗೆ ಪಾಠ ಹೇಳಿದ್ದೇನೆ. ತಂದೆಯಾದ ಮೇಲೆ ಆ ಪಾಠವನ್ನು ಸ್ವಲ್ಪ ತಿದ್ದಿಕೊಂಡಿದ್ದೇನೆ. ತಾನಾಗಿ ಮಲಗುವ ಮಗುವಿಗೆ ಯಾರೂ ಹಾಡುವುದಿಲ್ಲ. ಇಷ್ಟೊಂದು ಜೋಗುಳಗಳು ಹುಟ್ಟಿವೆಯೆಂದರೆ, ಯಾವ ಶತಮಾನದಲ್ಲಿಯೂ ಮಕ್ಕಳು ಹಿರಿಯರ ಅನುಕೂಲಕ್ಕೆ ನಿದ್ರಿಸಲಿಲ್ಲ ಎಂದೇ ಅರ್ಥ. ಹಾಡಿನ ಮಾಧುರ್ಯದ ಹಿಂದೆ ಕೈಸೋತ ಹೆಂಗಸೊಬ್ಬಳು ಕತ್ತಲಲ್ಲಿ ಕುಳಿತಿದ್ದಾಳೆ. ಅವಳು ಈಚಿನವರೆಗೆ ನನಗೆ ಕಂಡಿರಲಿಲ್ಲ.

ಕಾಣುವುದು ಹೇಗೆ? ಮೊದಲ ಮೂರು ತಿಂಗಳು ಬಾಣಂತನ ನನ್ನಾಕೆಯ ತವರಿನಲ್ಲಿ ನಡೆಯಿತು. ನಾನು ಭಾನುವಾರಗಳಲ್ಲಿ ಹೋಗಿ, ಎಣ್ಣೆನೀರು ಹಾಕಿಸಿಕೊಂಡು ತೊಟ್ಟಿಲಲ್ಲಿ ಮೈಮರೆತು ಮಲಗಿದ್ದ ಮಗಳನ್ನು ನೋಡಿ, ಹಬ್ಬದೂಟದಂತಹ ಊಟ ಮುಗಿಸಿ, ಸಂಜೆಯ ಬಸ್ಸಿಗೆ ಹಿಂದಿರುಗುತ್ತಿದ್ದೆ. 'ಎಷ್ಟು ಸಾಧು ಮಗು!' ಎಂದು ಕಾಲೇಜಿನಲ್ಲಿ ಹೇಳಿಕೊಂಡೆ. ನಾಲ್ಕನೆಯ ತಿಂಗಳಲ್ಲಿ ತಾಯಿ ಮಗು ಮನೆಗೆ ಬಂದರು. ಸಾಧುತ್ವ ಅಂದೇ ಮುಗಿಯಿತು. ರಾತ್ರಿ ಒಂಬತ್ತಕ್ಕೆ ಮಲಗಿದವಳು ಹತ್ತೂವರೆಗೆ, ಹನ್ನೆರಡಕ್ಕೆ, ಒಂದೂಕಾಲಿಗೆ, ಮೂರಕ್ಕೆ, ನಾಲ್ಕೂವರೆಗೆ ಏಳುತ್ತಿದ್ದಳು. ನಮ್ಮ ಊರಿನ ಬಸ್ಸುಗಳಾದರೂ ಇಷ್ಟು ನಿಯಮಿತವಾಗಿದ್ದರೆ ನಾನು ತರಗತಿಗೆ ಎಂದೂ ತಡವಾಗುತ್ತಿರಲಿಲ್ಲ.

ಸಹಾಯಕ್ಕೆಂದು ತಿಪಟೂರಿನ ಕಡೆಯ ನಮ್ಮ ಹಳ್ಳಿಯಿಂದ ಅಮ್ಮ ಬಂದರು. ಅವರ ಚೀಲದಲ್ಲಿ ಒಂದು ಡಬ್ಬಿ: ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿಸಿ, ನೆರಳಿನಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳ್ಳನೆಯ ಬಟ್ಟೆಯಲ್ಲಿ ವಸ್ತ್ರಗಾಳಿ ಮಾಡಿದ ಸರಿಹಿಟ್ಟು. ಮೂಗಿನ ಹತ್ತಿರ ಹಿಡಿದರೆ ನನ್ನ ಬಾಲ್ಯವೇ ಎದ್ದು ಬಂದಂತಾಗುವ ಪರಿಮಳ.

'ಬರೀ ಹಾಲು ಎಷ್ಟು ಹೊತ್ತು ನಿಲ್ಲುತ್ತೆ ಕಣೋ? ಮಲಗೋ ಮುಂಚೆ ಎರಡು ಚಮಚ ಸರಿ ಹಾಕು. ಹೊಟ್ಟೆ ಗಟ್ಟಿಯಾದರೆ ನಿದ್ದೆ ತಾನಾಗಿ ಬರುತ್ತೆ. ನಿನಗೆ ಮೂರನೆಯ ತಿಂಗಳಿಗೇ ಹಾಕಿದೆ. ಬೆಳಗಿನ ತನಕ ನೀನು ಮಿಸುಕಲಿಲ್ಲ' ಎಂದರು ಅಮ್ಮ.

ನನ್ನಾಕೆ ಒಪ್ಪಲಿಲ್ಲ. ಆರು ತಿಂಗಳು ತುಂಬುವವರೆಗೆ ಎದೆಹಾಲಲ್ಲದೆ ಬೇರೇನೂ ಬೇಡ, ನೀರೂ ಬೇಡ ಎಂದು ಹೆರಿಗೆಯಾದ ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಎದುರುಮನೆಯ ನಿವೃತ್ತ ತಹಸೀಲ್ದಾರರು ಡಬ್ಬಿಯ ಹಾಲಿನ ಪುಡಿಯನ್ನು ಶಿಫಾರಸು ಮಾಡಿದರು. ಅವರ ಮನೆಯವರು ಜಾಯಿಕಾಯಿ ತೇದು ನೆಕ್ಕಿಸಲು ಹೇಳಿದರು. ಜಾಯಿಕಾಯಿ ಪರಿಮಾಣ ಮೀರಿದರೆ ದೊಡ್ಡವರಿಗೇ ವಿಷ; ಕೂಸಿಗೆ ಅದರ ಪರಿಮಾಣವನ್ನು ತೇಯುವ ಕೈ ಹೇಗೆ ಅಳೆದೀತು? ಅದನ್ನಂತೂ ಅಮ್ಮನೂ ಸೊಸೆಯೂ ಒಂದಾಗಿ ತಳ್ಳಿಹಾಕಿದರು. ಅಂದಿನ ಒಮ್ಮತ ಅದೊಂದೇ.

ಹೀಗಿರುವಾಗ ಒಂದು ರಾತ್ರಿ ನಡೆದುದನ್ನು ಹೇಳಲೇಬೇಕು. ನನ್ನಾಕೆ ಕುರ್ಚಿಯಲ್ಲಿ ಕುಳಿತು ಹಾಲೂಡುತ್ತಿದ್ದವಳು ಹಾಗೆಯೇ ನಿದ್ದೆಹೋದಳು. ಮಗು ತೊಡೆಯ ಅಂಚಿಗೆ ಜಾರಿತು. ಪಕ್ಕದ ಮಣೆಯ ಮೇಲಿದ್ದ ನೀರಿನ ಲೋಟಕ್ಕೆ ಅದರ ಕಾಲು ತಗುಲಿ, ಲೋಟ ಠಣಾರನೆ ಬಿದ್ದ ಸದ್ದಿಗೆ ಆಕೆ ಎಚ್ಚೆತ್ತು ಮಗುವನ್ನು ಅಪ್ಪಿಕೊಂಡಳು. ಒಂದು ಕ್ಷಣ ತಡವಾಗಿದ್ದರೆ ಬೀಳುತ್ತಿದ್ದುದು ಲೋಟವೊಂದೇ ಅಲ್ಲ. ನಾನು ಆಗ ಎಲ್ಲಿದ್ದೆ? ಒಳಕೋಣೆಯಲ್ಲಿ, ಬೆಳಿಗ್ಗೆ ಎಂಟಕ್ಕೆ ತರಗತಿಯಿದೆಯೆಂಬ ಹಕ್ಕಿನಿಂದ ಹೊದ್ದು ಮಲಗಿದ್ದೆ. ಲೋಟದ ಸದ್ದಿಗೆ ಎದ್ದು ಬಂದು ನೋಡಿದಾಗ ಆಕೆ ಗೋಡೆಗೆ ಒರಗಿ, ಸದ್ದಿಲ್ಲದೆ ಅಳುತ್ತಿದ್ದಳು.

ಆಗ ನನಗೆ ತೋಚಿದ ಪರಿಹಾರವಾದರೂ ಯಾವುದು? ಮರುರಾತ್ರಿ ಎರಡು ಗಂಟೆಗೆ ಮಗು ಎದ್ದಾಗ ನಾನು ಅಡಿಗೆಮನೆಗೆ ಹೋಗಿ, ಅಮ್ಮನ ಡಬ್ಬಿ ತೆರೆದು, ಎರಡು ಚಮಚ ಹಿಟ್ಟನ್ನು ನೀರಿಗೆ ಕದಡಿ ಒಲೆಯ ಮೇಲಿಟ್ಟೆ. ಮಗಳ ಹಸಿವನ್ನು ತಣಿಸಿ ಹೆಂಡತಿಯ ಪ್ರಾಣ ಉಳಿಸುವ ಧೀರೋದಾತ್ತ ನಾಯಕನೆಂಬ ಭಾವ ಮನಸ್ಸಿನಲ್ಲಿತ್ತು. ಹಿಂದೆ ಬಾಗಿಲಲ್ಲಿ ನನ್ನಾಕೆ ನಿಂತಿದ್ದಳು.

'ರೀ, ಈ ಸರಿ ಮಗುವಿನ ಹಸಿವಿಗೋ, ನಿಮ್ಮ ನಿದ್ದೆಗೋ?'

ಉತ್ತರ ಕೊಡಲಿಲ್ಲ. ಸರಿ ತಳ ಹತ್ತಿತು. ಅದನ್ನು ಉಜ್ಜಿ ತೊಳೆಯುವುದರಲ್ಲೇ ಒಂದು ಜಾಮ ಕಳೆಯಿತು.

ಮರುದಿನ ಇಬ್ಬರೂ ಮಗುವನ್ನು ಮಕ್ಕಳ ವೈದ್ಯರ ಬಳಿಗೆ ಕರೆದೊಯ್ದೆವು. ವೈದ್ಯರು ಹಿರಿಯರು, ಮಾತು ಕಡಿಮೆ. ತೂಕ ಹಾಕಿದರು. ಹುಟ್ಟಿದಾಗ 2 ಕಿಲೋ 900 ಗ್ರಾಂ ಇದ್ದವಳು ಈಗ 6 ಕಿಲೋ ದಾಟಿದ್ದಳು. ದಿನಕ್ಕೆಷ್ಟು ಬಾರಿ ಬಟ್ಟೆ ಒದ್ದೆಯಾಗುತ್ತದೆ ಎಂದು ಕೇಳಿದರು. 'ಹಸಿದ ಮಗು ಹುಟ್ಟಿದ ತೂಕದ ಎರಡರಷ್ಟಾಗುವುದಿಲ್ಲ. ಇವಳು ಏಳುವುದು ಹಸಿವಿಗೆಂದೇ ಅಲ್ಲ' ಎಂದರು.

ಆ ಮೇಲೆ ಅವರು ಹೇಳಿದುದನ್ನೂ, ನಾನೇ ಓದಿ ತಿಳಿದುದನ್ನೂ ಕೂಡಿಸಿ ಹೇಳುತ್ತೇನೆ. ದೊಡ್ಡವರ ನಿದ್ದೆಯ ಒಂದು ಸುತ್ತು ಸುಮಾರು ಒಂದೂವರೆ ಗಂಟೆಯದು. ಕೂಸಿನದು ಒಂದು ಗಂಟೆಗೂ ಕಡಿಮೆ. ಪ್ರತಿ ಸುತ್ತಿನ ಕೊನೆಯಲ್ಲಿ ನಾವೂ ಕ್ಷಣಕಾಲ ಅರೆಯೆಚ್ಚರವಾಗುತ್ತೇವೆ. ಮಗ್ಗುಲು ಬದಲಿಸಿ ಮಲಗುತ್ತೇವೆ, ಬೆಳಿಗ್ಗೆ ನೆನಪಿರುವುದಿಲ್ಲ. ಕೂಸಿಗೆ ಮಗ್ಗುಲು ಬದಲಿಸುವ ವಿದ್ಯೆ ಇನ್ನೂ ಬಂದಿರುವುದಿಲ್ಲ. ಕರೆಯುವ ವಿದ್ಯೆ ಮಾತ್ರ ಬಂದಿರುತ್ತದೆ. ಹುಟ್ಟಿದ ಮಗುವಿಗೆ ಹಗಲು ರಾತ್ರಿಗಳ ಭೇದವಿಲ್ಲ. ಕತ್ತಲಾದರೆ ನಿದ್ದೆ ಬರಿಸುವ ಮೆಲಟೋನಿನ್ ಎಂಬ ರಸ ಅದರ ಮೈಯಲ್ಲಿ ಕಾಲಕ್ಕೆ ತಕ್ಕಂತೆ ಏರಿಳಿಯತೊಡಗುವುದು ಎರಡು ಮೂರು ತಿಂಗಳಾದ ಮೇಲೆ. ನಾಲ್ಕನೆಯ ತಿಂಗಳಿನ ಆಸುಪಾಸಿನಲ್ಲಿ ನಿದ್ದೆಯ ರಚನೆಯೇ ಬದಲಾಗುವುದರಿಂದ, ಅದುವರೆಗೆ ಚೆನ್ನಾಗಿ ಮಲಗುತ್ತಿದ್ದ ಮಗುವೂ ಕೆಡುವುದುಂಟು. ಇದು ಕೆಡುವುದಲ್ಲ, ಬೆಳೆಯುವುದು ಎಂದರು ವೈದ್ಯರು. ಇನ್ನೂ ಒಂದು ಸಂಗತಿ ನನ್ನನ್ನು ತಣ್ಣಗೆ ಮಾಡಿತು. ಶಿಶುಗಳ ನಿದ್ದೆ ಆಳವಿಲ್ಲದಿರುವುದು ಅವುಗಳ ರಕ್ಷಣೆಗೆ. ಉಸಿರಿಗೆ ತೊಡಕಾದಾಗ ಎಚ್ಚರಗೊಳ್ಳುವ ಶಕ್ತಿ ಇಲ್ಲದೆ, ನಿದ್ದೆಯಲ್ಲೇ ಸಾಯುವ ಮಕ್ಕಳಿದ್ದಾರೆ. ಬೋರಲಾಗಿ ಮಲಗಿಸಬೇಡಿ, ಅಂಗಾತ ಮಲಗಿಸಿ ಎಂದು 1990ರ ದಶಕದಲ್ಲಿ ಹಲವು ದೇಶಗಳಲ್ಲಿ ಪ್ರಚಾರ ನಡೆದ ಮೇಲೆ ಆ ಸಾವುಗಳು ಅರ್ಧಕ್ಕಿಂತಲೂ ಕಡಿಮೆಯಾದುವು. ಮಗು ಅಲುಗಾಡದೆ ಮಲಗಲಿ ಎಂದು ಹರಸುವಾಗ ನಾವು ಏನನ್ನು ಬೇಡುತ್ತಿದ್ದೇವೆಂಬುದು ನಮಗೇ ತಿಳಿದಿರುವುದಿಲ್ಲ. ಕುರ್ಚಿಯಲ್ಲಾಗಲಿ ಸೋಫಾದಲ್ಲಾಗಲಿ ಕೂಸನ್ನು ಎತ್ತಿಕೊಂಡು ನಿದ್ದೆಹೋಗುವುದು ತೀರ ಅಪಾಯ ಎಂದೂ ವೈದ್ಯರು ಹೇಳಿದರು. ಹೇಳುವಾಗ ನನ್ನ ಕಡೆಗೇ ನೋಡಿದರು.

ಸರಿ ಹಾಕಿದರೆ ಏನಾಗುತ್ತದೆ? ಈ ಪ್ರಶ್ನೆಯನ್ನು ನನ್ನಂಥವರು ಎಷ್ಟೋ ಮಂದಿ ಕೇಳಿರುವುದರಿಂದ ಅದನ್ನು ಪರೀಕ್ಷಿಸಿಯೂ ನೋಡಿದ್ದಾರೆ. ಅಮೆರಿಕದಲ್ಲಿ 1989ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ 106 ಶಿಶುಗಳನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಐದು ವಾರಗಳಿಂದಲೇ, ಇನ್ನೊಂದಕ್ಕೆ ನಾಲ್ಕು ತಿಂಗಳಿಂದ, ಮಲಗುವ ಮುನ್ನ ಅಕ್ಕಿಯ ಹಿಟ್ಟು ಬೆರೆಸಿದ ಹಾಲು ಕೊಟ್ಟರು. ನಿದ್ದೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ನ್ಯಾಯವಾಗಿ ಮತ್ತೊಂದನ್ನೂ ಹೇಳಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನ 1,303 ಶಿಶುಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂರು ತಿಂಗಳಿಂದ ಅನ್ನಾಹಾರ ಕೊಟ್ಟ ಮಕ್ಕಳು ಸ್ವಲ್ಪ ಹೆಚ್ಚು ಮಲಗಿದುವು. ಎಷ್ಟು ಹೆಚ್ಚು? ಆರು ತಿಂಗಳ ವಯಸ್ಸಿನಲ್ಲಿ ರಾತ್ರಿಯೊಂದಕ್ಕೆ ಸುಮಾರು 17 ನಿಮಿಷ. ರಾತ್ರಿಯಲ್ಲಿ ಸರಾಸರಿ 2 ಬಾರಿ ಏಳುತ್ತಿದ್ದುದು 1.74 ಬಾರಿಗೆ ಇಳಿಯಿತು. ಗಣಿತದ ಅಧ್ಯಾಪಕಿಯಾದ ನನ್ನಾಕೆ ಈ ಲೆಕ್ಕವನ್ನು ಓದಿ, 'ನಾಲ್ಕು ರಾತ್ರಿಗೆ ಒಂದು ಸಲ ಏಳುವುದು ತಪ್ಪುತ್ತದೆ' ಎಂದಳು. ಅಮ್ಮನ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. 17 ನಿಮಿಷದಷ್ಟು ಹುರುಳಿದೆ. ಅಷ್ಟಕ್ಕಾಗಿ, ಕುದಿಸದ ನೀರು, ಸರಿಯಾಗಿ ತೊಳೆಯದ ಬಟ್ಟಲು, ಅದರಿಂದ ಬರುವ ಭೇದಿ, ಕಡಿಮೆಯಾಗುವ ಎದೆಹಾಲು ಇವನ್ನೆಲ್ಲ ಒಳಗೆ ಬಿಟ್ಟುಕೊಳ್ಳಬೇಕೆ ಎಂಬುದು ನಮ್ಮಂಥ ಮನೆಗಳ ಪ್ರಶ್ನೆ. ನಾವು ಬೇಡವೆಂದು ನಿರ್ಧರಿಸಿದೆವು.

ಅಮ್ಮನನ್ನು ಹಳೆಯ ಕಾಲದವರೆಂದು ಹಗುರ ಮಾಡುವುದೂ ತರವಲ್ಲ. ನಾನು ಹುಟ್ಟಿದ ದಿನಗಳಲ್ಲಿ ವೈದ್ಯರೂ ನಾಲ್ಕು ತಿಂಗಳಿನಿಂದ ಆರು ತಿಂಗಳೊಳಗೆ ಎಂದೇ ಹೇಳುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಸಭೆ ಪೂರ್ತಿ ಆರು ತಿಂಗಳು ಎಂದು ಗೊತ್ತುಮಾಡಿದ್ದು 2001ರಲ್ಲಿ. ಶಿಶುಗಳ ಹಾಲಿನ ಪುಡಿ, ಆಹಾರದ ಡಬ್ಬಿಗಳ ಮಾರಾಟವನ್ನು ಹತೋಟಿಯಲ್ಲಿಡಲು ನಮ್ಮ ದೇಶದಲ್ಲಿ 1992ರಲ್ಲಿ ಬಂದ ಕಾಯಿದೆಯಲ್ಲಿಯೂ ಮೊದಲು ನಾಲ್ಕು ತಿಂಗಳೆಂದಿತ್ತು. 2003ರ ತಿದ್ದುಪಡಿಯಲ್ಲಿ ಅದು ಆರಾಯಿತು. ಅಮ್ಮ ಹೇಳಿದ್ದು ಅವರ ಕಾಲದ ಶಾಸ್ತ್ರವನ್ನೇ. ಸುಶ್ರುತಸಂಹಿತೆ ಆರನೆಯ ತಿಂಗಳನ್ನು ಹೇಳುತ್ತದೆ. ಶಾಸ್ತ್ರವೂ ಸುತ್ತಿ ಬಳಸಿ ಅಲ್ಲಿಗೇ ಬಂದು ನಿಂತಂತಿದೆ.

ಇಲ್ಲಿ ಭಾಷೆಯ ಅಧ್ಯಾಪಕನಿಗೆ ಒಂದು ಮಾತು ಹೇಳಲು ಅವಕಾಶವಿರಲಿ. ಇಂಗ್ಲಿಷಿನಲ್ಲಿ 'ವೀನಿಂಗ್' ಎಂಬ ಒಂದೇ ಪದ, ಮಗುವಿಗೆ ಅನ್ನ ಆರಂಭಿಸುವುದಕ್ಕೂ ಎದೆಹಾಲು ನಿಲ್ಲಿಸುವುದಕ್ಕೂ ಆಗುತ್ತದೆ. ಕನ್ನಡದ ಮನೆಗಳಲ್ಲಿ ಇವು ಎರಡು. ಅನ್ನ 'ಹಿಡಿಸುವುದು' ಬೇರೆ, ಹಾಲು 'ಬಿಡಿಸುವುದು' ಬೇರೆ. ಹಿಡಿಸುವುದಕ್ಕೂ ಬಿಡಿಸುವುದಕ್ಕೂ ನಡುವೆ ಒಂದು ವರ್ಷ, ಎರಡು ವರ್ಷ ಹೋಗಬಹುದು. ಎರಡು ವರ್ಷವೂ ಅದರಾಚೆಗೂ ಎದೆಹಾಲು ಮುಂದುವರಿಯಲಿ ಎಂಬುದೇ ಇಂದಿನ ವೈದ್ಯಶಾಸ್ತ್ರದ ಸಲಹೆಯೂ ಆಗಿದೆ. ಈ ಎರಡನ್ನು ಒಂದೆಂದು ಭಾವಿಸುವ ತಾಯಂದಿರು ಅನ್ನ ಹಿಡಿಸಿದ ವಾರವೇ ಹಾಲು ಬಿಡಿಸಲು ಹೊರಡುತ್ತಾರೆ; ಅಥವಾ ಹಾಲು ಬಿಡಿಸಲು ಮನಸ್ಸಾಗದೆ ಅನ್ನವನ್ನೇ ಮುಂದೂಡುತ್ತಾರೆ. ಎರಡನೆಯದೂ ಸಣ್ಣ ತಪ್ಪಲ್ಲ. ತಾಯಿಯ ಗರ್ಭದಿಂದ ಮಗು ತಂದ ಕಬ್ಬಿಣದ ದಾಸ್ತಾನು ಆರು ತಿಂಗಳ ವೇಳೆಗೆ ಕರಗಿರುತ್ತದೆ; ಎದೆಹಾಲಿನಲ್ಲಿ ಕಬ್ಬಿಣ ತೀರ ಕಡಿಮೆ. ಒಂಬತ್ತು ಹತ್ತು ತಿಂಗಳವರೆಗೆ ಬರಿಯ ಹಾಲಿನಲ್ಲೇ ಬೆಳೆದ ಮಗು ದುಂಡಗೆ ಕಂಡರೂ ರಕ್ತಹೀನವಾಗಿರಬಹುದು.

ವೈದ್ಯರು ಆರು ತಿಂಗಳೆಂದರು. ಆದರೆ ಆರು ತಿಂಗಳು ನಮಗೆ ಇರಲಿಲ್ಲ. ನನ್ನಾಕೆಯ ಹೆರಿಗೆ ರಜೆ 26 ವಾರ. 2017ರ ತಿದ್ದುಪಡಿಗೆ ಮೊದಲು ಅದು 12 ವಾರವಿತ್ತೆಂಬುದನ್ನು ನೆನೆದರೆ ದೊಡ್ಡದೇ. ಅದರಲ್ಲಿ 5 ವಾರ ಹೆರಿಗೆಗೆ ಮೊದಲೇ ಕಳೆದಿತ್ತು. ಆಸ್ಪತ್ರೆಯಿಂದ ಹಿಂದಿರುಗುವ ಆಟೋದಲ್ಲಿ ಆಕೆ ಬೆರಳೆಣಿಸದೆ ಲೆಕ್ಕ ಹಾಕಿದಳು: ಉಳಿದದ್ದು 21 ವಾರ, ಅಂದರೆ 147 ದಿನ, ವೈದ್ಯರು ಹೇಳಿದ್ದು 180 ದಿನ. ನಡುವೆ 33 ದಿನ.

ಮನೆಯಲ್ಲಿ ನಡೆದ ಜಗಳವೆಲ್ಲ ಈ 33 ದಿನಗಳದ್ದೆಂದು ನನಗೆ ಆಗ ಹೊಳೆಯಿತು. ಮಗುವಿನ ನಿದ್ದೆ ತೊಂದರೆಯಾಗುವುದು ಮಗುವಿಗಲ್ಲ. ಅದು ಹಗಲು ಬೇಕಾದಷ್ಟು ಮಲಗಿ ಲೆಕ್ಕ ಸರಿಮಾಡಿಕೊಳ್ಳುತ್ತದೆ. ತೊಂದರೆ, ಬೆಳಿಗ್ಗೆ ಎದ್ದು ದುಡಿಯಲು ಹೋಗಬೇಕಾದವರಿಗೆ. 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಗಾಡ್‌ಫ್ರೀಯ ಕಾರ್ಡಿಯಲ್ ಎಂಬ ಮಕ್ಕಳ ಔಷಧಿ ಮನೆಮನೆಗೆ ಹೋಗುತ್ತಿತ್ತು, ಅದರಲ್ಲಿದ್ದುದು ಅಫೀಮು. ಅಮೆರಿಕದಲ್ಲಿ ಮಿಸೆಸ್ ವಿನ್ಸ್ಲೋ ಅವರ ಸಿರಪ್ಪೆಂದು ಮಾರುತ್ತಿದ್ದುದರಲ್ಲಿ ಮಾರ್ಫೀನ್ ಇತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮುಂಬಯಿಯ ಹತ್ತಿ ಗಿರಣಿಗಳಿಗೆ ಹೋಗುತ್ತಿದ್ದ ಹೆಂಗಸರು ಕೂಸುಗಳಿಗೆ ಅಫೀಮಿನ ಗುಳಿಗೆ ನುಂಗಿಸಿ ಹೋಗುತ್ತಿದ್ದರು. ಬಾಲಗೋಲಿ ಎಂದು ಅದರ ಹೆಸರು. ಮಕ್ಕಳು ಮಲಗಿದುವು, ಕೆಲವು ಏಳಲಿಲ್ಲ. ಆ ತಾಯಂದಿರು ಕಲ್ಲೆದೆಯವರೆಂದು ನಾನು ನಂಬಲಾರೆ. ಗಿರಣಿಯ ಸಿಳ್ಳು ಕಾಯುತ್ತಿರಲಿಲ್ಲ, ಅಷ್ಟೆ. ನನ್ನ ಅಮ್ಮನ ಡಬ್ಬಿಯಲ್ಲಿದ್ದುದು ಒಳ್ಳೆಯ ರಾಗಿ, ನಿಜ. ಆದರೆ ಆ ರಾತ್ರಿ ನಾನು ಅದನ್ನು ಯಾವ ಉದ್ದೇಶದಿಂದ ಒಲೆಯ ಮೇಲಿಟ್ಟೆನೋ ಆ ಉದ್ದೇಶ ಬಾಲಗೋಲಿಯ ವಂಶದ್ದೇ.

ಆಮೇಲೆ ಒಂದು ಏರ್ಪಾಟು ಮಾಡಿಕೊಂಡೆವು. ರಾತ್ರಿ ಒಂಬತ್ತರಿಂದ ಒಂದೂವರೆಯ ತನಕ ಪಾಳಿ ನನ್ನದು. ನನ್ನಾಕೆ ಒಳಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಮಲಗುತ್ತಾಳೆ. ತಡೆಯಿಲ್ಲದ ನಾಲ್ಕೂವರೆ ಗಂಟೆಗಳ ನಿದ್ದೆ ಒಂದು ಮನುಷ್ಯಜೀವವನ್ನು ಹೇಗೆ ಮರಳಿ ತರುತ್ತದೆಂಬುದನ್ನು ಹತ್ತು ದಿನಗಳಲ್ಲಿ ಕಂಡೆ. ಸಂಜೆಯೇ ತೆಗೆದಿಟ್ಟ ಎದೆಹಾಲನ್ನು, ಬೇಕಾದರೆ, ಬೆಚ್ಚನೆಯ ನೀರಿನಲ್ಲಿ ಬಟ್ಟಲಿಟ್ಟು ಕಾಯಿಸಿ ಒಳಲೆಯಿಂದ ಕುಡಿಸುತ್ತೇನೆ. ತೆಗೆದ ಹಾಲು ಕೋಣೆಯಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ ಇರಬಹುದೆಂಬುದು ವೈದ್ಯರ ಲೆಕ್ಕ. ನಮ್ಮ ಕಡೆಯ ಬೇಸಗೆಯಲ್ಲಿ ಕೋಣೆಯನ್ನು ನಂಬದಿರುವುದು ಲೇಸು. ಮೊದಲ ವಾರ ಮಗಳು ಒಳಲೆಯನ್ನು ಕಂಡರೆ ಮುಖ ತಿರುವುತ್ತಿದ್ದಳು. ನನ್ನ ಹೆಗಲನ್ನೂ ಒಪ್ಪಲಿಲ್ಲ. ಎರಡನೆಯ ವಾರ ಹೆಗಲನ್ನು ಒಪ್ಪಿದಳು. ಎದ್ದ ಕೂಡಲೇ ಎತ್ತಿಕೊಳ್ಳದೆ ಒಂದೆರಡು ನಿಮಿಷ ಕೇಳಿಸಿಕೊಂಡರೆ, ಕೆಲವೊಮ್ಮೆ ತಾನಾಗಿ ಮತ್ತೆ ಮಲಗುತ್ತಾಳೆಂಬುದೂ ತಿಳಿಯಿತು. ಹಗಲು ಕಿಟಕಿ ತೆರೆದು ಸದ್ದು ಗದ್ದಲದ ನಡುವೆಯೇ ಮಲಗಿಸುವುದು, ರಾತ್ರಿ ದೀಪ ಹಚ್ಚದೆ ಮಾತಾಡದೆ ಕೆಲಸ ಮುಗಿಸುವುದು ಎಂಬ ವೈದ್ಯರ ಸಲಹೆಯಿಂದ ಐದು ಬಾರಿ ಏಳುತ್ತಿದ್ದವಳು ಮೂರಕ್ಕೆ ಇಳಿದಳು. ಅಥವಾ ಅದು ಸಲಹೆಯಿಂದಲ್ಲ, ವಯಸ್ಸಿನಿಂದ ಇರಬಹುದು.

ಇದನ್ನು ನೋಡುತ್ತಿದ್ದ ಅಮ್ಮ ಒಂದು ರಾತ್ರಿ ತಾವೂ ಎದ್ದು ಬಂದು ನಡುಮನೆಯಲ್ಲಿ ಕುಳಿತರು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಿಮ್ಮಜ್ಜಿ ಹೀಗೇ ನಡೆಯುತ್ತಿದ್ದರು' ಎಂದರು.

'ಯಾವಾಗ?'

'ನೀನು ಕೂಸಾಗಿದ್ದಾಗ. ರಾತ್ರಿ ನಿನ್ನನ್ನು ಎತ್ತಿಕೊಂಡು ಜಗಲಿಗೆ ಹೋಗಿಬಿಡೋರು. ನನಗೆ ಹೊಲದ ಕೆಲಸ ಇರುತ್ತಿತ್ತಲ್ಲ.'

'ನಾನು ಬೆಳಗಿನ ತನಕ ಮಿಸುಕಲಿಲ್ಲ ಅಂದಿರಲ್ಲ ಅಮ್ಮ?'

ಅಮ್ಮ ನಕ್ಕರು. 'ನಾನು ಮಲಗಿರುತ್ತಿದ್ದೆ ಕಣೋ. ನನಗೇನು ಗೊತ್ತು?'

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ರಾಗಿಸರಿ ಹೊತ್ತುಕೊಂಡು ಬಂದ ಕೀರ್ತಿ, ನಿಜವಾಗಿ ಅಜ್ಜಿಯ ಹೆಗಲಿಗೆ ಸೇರಬೇಕಾದುದು. ಅಜ್ಜಿ ಈಗಿಲ್ಲ.

33 ದಿನಗಳನ್ನು ದಾಟಿದ್ದು ಹೀಗೆ. ಶಾಲೆ ಮನೆಯಿಂದ ಹತ್ತು ನಿಮಿಷದ ದಾರಿ. ಹೆರಿಗೆಯಾಗಿ ಕೆಲಸಕ್ಕೆ ಮರಳಿದ ಹೆಂಗಸಿಗೆ, ಮಗುವಿಗೆ 15 ತಿಂಗಳಾಗುವವರೆಗೆ, ಹಾಲೂಡಿಸಲು ದಿನಕ್ಕೆ ಎರಡು ವಿರಾಮ ಕೊಡಬೇಕೆಂದು 1961ರ ಕಾಯಿದೆಯಲ್ಲೇ ಬರೆದಿತ್ತು. ಆ ಹಕ್ಕು ಇಂದಿಗೂ ಇದೆ. ಕೇಳಿದವರು ಕಡಿಮೆ. ನನ್ನಾಕೆ ಕೇಳಿದಳು. ಶಾಲೆಯವರು ಕೊಂಚ ಹುಬ್ಬೇರಿಸಿ, ಆಮೇಲೆ ನಕ್ಷೆಗಳನ್ನಿಡುವ ಕೋಣೆಯ ಬೀಗದ ಕೈ ಕೊಟ್ಟರು. ಬೆಳಿಗ್ಗೆ ಒಮ್ಮೆ ಅಮ್ಮ, ಮಧ್ಯಾಹ್ನ ನನಗೆ ತರಗತಿಯಿಲ್ಲದ ದಿನ ನಾನು, ಮಗುವನ್ನು ಕರೆದೊಯ್ಯುತ್ತಿದ್ದೆವು. ಏಷ್ಯಾಖಂಡದ ಪ್ರಾಕೃತಿಕ ನಕ್ಷೆಯ ಕೆಳಗೆ ಕುಳಿತು ನನ್ನ ಮಗಳು ಹಾಲು ಕುಡಿದಿದ್ದಾಳೆ. ಎಲ್ಲರ ಶಾಲೆಯೂ ಹತ್ತಿರವಿರುವುದಿಲ್ಲ, ಎಲ್ಲರ ಮನೆಗೂ ಅಮ್ಮ ಬರುವುದಿಲ್ಲ. ಗಾರ್ಮೆಂಟ್ಸ್ ಕಾರ್ಖಾನೆಗೆ ಬೆಳಿಗ್ಗೆ ಏಳಕ್ಕೇ ಬಸ್ಸು ಹತ್ತುವ ಹೆಂಗಸಿಗೆ ಈ ನನ್ನ ಕಥೆ ಉಳ್ಳವರ ಕಥೆಯಂತೆ ಕೇಳಿಸೀತು. ಆಕೆಗೆ ಆರು ತಿಂಗಳೆಂದು ಉಪದೇಶಿಸುವ ಮೊದಲು ಆರು ತಿಂಗಳನ್ನು ಕೊಡುವವರಾರು ಎಂದು ಕೇಳಬೇಕಾಗುತ್ತದೆ.

ಇನ್ನು ಅನ್ನಪ್ರಾಶನ. ಅಮ್ಮನ ಪ್ರಕಾರ ಗಂಡುಮಗುವಿಗೆ ಸಮ ತಿಂಗಳು, ಹೆಣ್ಣಿಗೆ ಬೆಸ ತಿಂಗಳು. ಐದು, ಇಲ್ಲವೆ ಏಳು. ಐದನ್ನು ಬಿಟ್ಟುಕೊಟ್ಟ ಅಮ್ಮ, 'ಏಳರಲ್ಲೇ ಮಾಡೋಣ. ನಿಮ್ಮ ಡಾಕ್ಟರು ಬೇಡ ಅಂದರೂ ನಾನು ಕೇಳೋದಿಲ್ಲ' ಎಂದು ಗಟ್ಟಿಯಾಗಿ ಹೇಳಿದರು. ನನ್ನಾಕೆ ಮತ್ತೆ ಲೆಕ್ಕ ಹಾಕಿದಳು. ಆರು ತಿಂಗಳು ತುಂಬಿತೆಂದರೆ ಏಳನೆಯದು ಹಿಡಿಯಿತೆಂದೇ ಅರ್ಥ! ವೈದ್ಯರ 180 ದಿನವೂ ಅಮ್ಮನ ಪಂಚಾಂಗವೂ ಒಂದೇ ವಾರದಲ್ಲಿ ಕೂಡಿದುವು. ಯಾರೂ ಸೋಲಲಿಲ್ಲ.

ದಿನವನ್ನು ಗೊತ್ತುಮಾಡುವ ಮುನ್ನ ಮಗುವನ್ನೂ ಒಮ್ಮೆ ಕೇಳಬೇಕೆಂದು ವೈದ್ಯರು ಹೇಳಿದ್ದರು. ಆಧಾರವಿಟ್ಟರೆ ಕುಳಿತುಕೊಳ್ಳುತ್ತದೆಯೆ? ಕತ್ತು ನಿಂತಿದೆಯೆ? ನಾವು ಉಣ್ಣುವಾಗ ಬಾಯಿ ತೆರೆಯುತ್ತದೆಯೆ? ತುಟಿಗಿಟ್ಟುದನ್ನು ನಾಲಿಗೆಯಿಂದ ಹೊರದಬ್ಬುವ ಹುಟ್ಟುಗುಣ ಬಿಟ್ಟಿದೆಯೆ? ನಮ್ಮವಳು ನನ್ನ ಕೈಯಿಂದ ಮುದ್ದೆಯ ತುತ್ತನ್ನು ಎರಡು ಸಲ ಕಸಿಯಲು ಬಂದಿದ್ದಳಾದುದರಿಂದ ಹೆಚ್ಚು ಪರೀಕ್ಷೆ ಬೇಕಾಗಲಿಲ್ಲ.

ಅಮ್ಮನ ಡಬ್ಬಿ ಅಂದು ಸಾರ್ಥಕವಾಯಿತು. ರಾಗಿಯಲ್ಲಿ ಸುಣ್ಣಾಂಶ ಬೇರೆಲ್ಲ ಧಾನ್ಯಗಳಿಗಿಂತ ಹೆಚ್ಚು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಕೋಷ್ಟಕದಲ್ಲಿ 100 ಗ್ರಾಮಿಗೆ 364 ಮಿಲಿಗ್ರಾಂ. ಮೊಳಕೆ ಕಟ್ಟಿಸುವ ಹಳೆಯ ಕ್ರಮದ ಹಿಂದೆ ಒಳ್ಳೆಯ ರಸಾಯನಶಾಸ್ತ್ರವಿದೆ. ಮೊಳೆತ ಕಾಳಿನಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ, ಹೆಚ್ಚು ಹಿಟ್ಟು ಹಾಕಿದರೂ ಸರಿ ಅಂಟುಗಟ್ಟುವುದಿಲ್ಲ. ಪುಟ್ಟ ಹೊಟ್ಟೆಗೆ ಕಡಿಮೆ ಗಾತ್ರದಲ್ಲಿ ಹೆಚ್ಚು ಸತ್ವ ಸಿಗುತ್ತದೆ. ನಮ್ಮಲ್ಲಿ ನಡೆಯುವ ಸಾಮಾನ್ಯ ತಪ್ಪು, ಬೇಳೆಯ ಕಟ್ಟು, ಗಂಜಿಯ ತಿಳಿ ಎಂದು ನೀರನ್ನೇ ಕುಡಿಸುವುದು. ಚಮಚ ಓರೆ ಮಾಡಿದರೆ ಸುರಿದುಹೋಗಬಾರದು, ಅಷ್ಟು ಗಟ್ಟಿಯಿರಬೇಕು. ಮೊದಮೊದಲು ಎರಡು ಮೂರು ಚಮಚ, ದಿನಕ್ಕೆ ಎರಡು ಸಲ. ಕ್ರಮೇಣ ಕಾಲು ಲೀಟರಿನ ಬಟ್ಟಲಲ್ಲಿ ಅರ್ಧದಷ್ಟು. ಹಾಲಿನ ಮೇಲೆ ಈ ವಯಸ್ಸಿಗೆ ಬೇಕಾದುದು ದಿನಕ್ಕೆ ಸುಮಾರು 200 ಕ್ಯಾಲೊರಿ ಮಾತ್ರ. ಒಂದು ಚಿಟಿಕೆ ತುಪ್ಪ ಇರಲಿ. ಉಪ್ಪು ಸಕ್ಕರೆ ಒಂದು ವರ್ಷದವರೆಗೆ ಬೇಡ. ಜೇನಂತೂ ಬೇಡವೇ ಬೇಡ. ಹುಟ್ಟಿದ ಮಗುವಿಗೆ ಜೇನು ನೆಕ್ಕಿಸುವ ಪದ್ಧತಿ ನಮ್ಮಲ್ಲಿ ಶುಭವೆಂದೇ ಬಂದಿದೆ. ಅದರಲ್ಲಿ ಅಡಗಿರಬಹುದಾದ ಬಾಟ್ಯುಲಿಸಂ ರೋಗಾಣುವನ್ನು ವರ್ಷ ತುಂಬದ ಕರುಳು ತಡೆಯಲಾರದು. ರಾಗಿಯೊಂದರಿಂದಲೇ ಕಬ್ಬಿಣ ಸಾಲದಾದ್ದರಿಂದ ಬೇಳೆ, ಸೊಪ್ಪು, ತಿನ್ನುವವರ ಮನೆಯಲ್ಲಿ ಮೊಟ್ಟೆ, ಮಾಂಸ ಇವೂ ಒಂದೊಂದಾಗಿ ಸೇರಬೇಕು. ನಮ್ಮ ಮನೆಗೆ ಮೊಟ್ಟೆ ಬಂದ ಬಗೆ ಇನ್ನೊಂದು ವಾರದ ಅಂಕಣಕ್ಕೆ ಸಾಕಾಗುವಷ್ಟಿದೆ. ಅದನ್ನು ಅಮ್ಮ ಊರಿಗೆ ಹೋದ ಮೇಲೆ ಬರೆಯುತ್ತೇನೆ.

ಬೆಳ್ಳಿಯ ಬಟ್ಟಲಿನಿಂದ ಅಮ್ಮ ಮೊದಲ ಚಮಚ ಸರಿ ಹಾಕಿದರು. ಮಗಳು ಹುಬ್ಬು ಗಂಟಿಕ್ಕಿ, ಆಳವಾಗಿ ಯೋಚಿಸಿ, ಅದರಲ್ಲಿ ಮುಕ್ಕಾಲನ್ನು ನನ್ನ ಅಂಗಿಯ ಮೇಲೆ ಉಗುಳಿದಳು. ಉಳಿದ ಕಾಲು ಭಾಗ ಒಳಗೆ ಹೋಯಿತು.

ಮರುದಿನ ಬೆಳಿಗ್ಗೆ ಅಮ್ಮ ಮೊದಲು ಕೇಳಿದ್ದು, 'ರಾತ್ರಿ ಎಷ್ಟು ಸಲ ಎದ್ದಳು?'

'ಮೂರು.'

'ಮೊನ್ನೆ?'

'ಮೂರು.'

ಅಮ್ಮ ಡಬ್ಬಿಯ ಮುಚ್ಚಳವನ್ನು ಒತ್ತಿ ಮುಚ್ಚಿ, ಏನೂ ಹೇಳದೆ ಅಡಿಗೆಮನೆಗೆ ನಡೆದರು.

ಬ್ರಿಟನ್ನಿನ ವೇಲ್ಸ್‌ನಲ್ಲಿ 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಆರರಿಂದ ಹನ್ನೆರಡು ತಿಂಗಳ ಮಕ್ಕಳಲ್ಲಿ ನೂರಕ್ಕೆ 78 ಮಕ್ಕಳು ರಾತ್ರಿ ಒಮ್ಮೆಯಾದರೂ ಏಳುತ್ತಲೇ ಇದ್ದುವು; ಎದೆಹಾಲು ಕುಡಿದವು, ಪುಡಿಯ ಹಾಲು ಕುಡಿದವು ಎಂಬ ಭೇದವಿರಲಿಲ್ಲ. ಆದ್ದರಿಂದ, ಪತ್ರ ಬರೆದ ತಾಯಿಗೆ ನನ್ನ ಉತ್ತರ: ಇನ್ನೆರಡು ತಿಂಗಳು ಸರಿ ಬೇಡ. ಮಗುವಿನ ತೂಕ ಏರದಿದ್ದರೆ, ಹಾಲು ಕುಡಿಯದಿದ್ದರೆ, ಉಸಿರಾಟದಲ್ಲಿ ಸದ್ದಿದ್ದರೆ ವೈದ್ಯರಿಗೆ ತೋರಿಸಿ. ನಿಮಗೆ ಅಳು ನಿಲ್ಲದಿದ್ದರೆ ನೀವೂ ತೋರಿಸಿಕೊಳ್ಳಿ. ಅದು ಬಾಣಂತಿಯರಿಗೆ ಬರುವ ಕಾಯಿಲೆ, ಮನಸ್ಸಿನ ದೌರ್ಬಲ್ಯವಲ್ಲ. ಮತ್ತು, ಪತ್ರದಲ್ಲಿ ನಿಮ್ಮ ಯಜಮಾನರ ಪ್ರಸ್ತಾಪ ಎಲ್ಲಿಯೂ ಕಾಣಲಿಲ್ಲ. ಈ ಪುಟವನ್ನು ಅವರ ಊಟದ ತಟ್ಟೆಯ ಪಕ್ಕದಲ್ಲಿಡಿ.

ಹನ್ನೆರಡೂ ಇಪ್ಪತ್ತು. ತೊಟ್ಟಿಲು ಅಲುಗಾಡಿದ ಸದ್ದು ಕೇಳಿಸುತ್ತಿದೆ. ಒಂದೂವರೆಯವರೆಗೆ ಪಾಳಿ ನನ್ನದು. ಈ ಸಲವೂ ಯಾವುದಾದರೂ ವಾಕ್ಯ ಎರಡು ಬಾರಿ ಬಂದಿದ್ದರೆ ವಾಚಕರು ದಯವಿಟ್ಟು ಒಮ್ಮೆಯೇ ಓದಿಕೊಳ್ಳಬೇಕು.